ರಕ್ತನಾಳ ಎಣಿಸುತ್ತಿದ್ದ ಮೇಡಂ

ಮೇಡಂ ತೀರಿಕೊಂಡ ಸುದ್ದಿ ನಮ್ಮ ಲ್ಯಾಬಿನ ವಾಟ್ಸಾಪ್ ಗುಂಪಿಗೆ ಬಂದದ್ದು ಬೆಳಿಗ್ಗೆ ಏಳೂವರೆಗೆ. ನಾನು ಭದ್ರಾವತಿ ಬಸ್ ನಿಲ್ದಾಣದಲ್ಲಿ ಶಿವಮೊಗ್ಗದ ಬಸ್ಸಿಗೆ ಕಾಯುತ್ತಿದ್ದೆ. ಬಸ್ಸು ಬರುವಷ್ಟರಲ್ಲಿ ಗುಂಪಿನ ತುಂಬ ಮುಗಿದ ಕೈಗಳು. ಒಬ್ಬನಂತೂ ‘ನಮ್ಮೆಲ್ಲರ ತಾಯಿ’ ಎಂದು ಬರೆದಿದ್ದ. ಅವನು ಮಾಡಿದ ಏಳು ಸ್ಲೈಡುಗಳನ್ನು ಆ ತಾಯಿ ಒಂದೇ ಬೆಳಿಗ್ಗೆ ಮುರಿದು ಹಾಕಿದ್ದನ್ನು, ಅವನು ಜನರೇಟರ್ ಕೋಣೆಯ ಹಿಂದೆ ಹೋಗಿ ಅತ್ತದ್ದನ್ನು ನಾನು ಕಣ್ಣಾರೆ ಕಂಡವಳು. ನಾನು ಏನೂ ಬರೆಯಲಿಲ್ಲ. ಫೋನನ್ನು ಬ್ಯಾಗಿಗೆ ಹಾಕಿ ಕಿಟಕಿಯ ಪಕ್ಕದ ಸೀಟು ಹಿಡಿದು ಕೂತೆ. ನನಗೆ ಆ ಹೆಂಗಸನ್ನು ಕಂಡರೆ ಆಗುತ್ತಿರಲಿಲ್ಲ. ಸತ್ತರು ಎಂಬ ಒಂದೇ ಕಾರಣಕ್ಕೆ ಈಗ ಆಗಿಬರುತ್ತಾರೆ ಎಂದೇನೂ ಇಲ್ಲ.

ಮೇಡಂ ಎಂದರೆ ಪೆಥಾಲಜಿ ಡಾಕ್ಟರು, ಶಿವಮೊಗ್ಗದಲ್ಲಿ ನಾನು ಟೆಕ್ನಿಷಿಯನ್ ಆಗಿರುವ ಲ್ಯಾಬಿಗೆ ಹದಿನಾಲ್ಕು ವರ್ಷ ಮುಖ್ಯಸ್ಥೆಯಾಗಿದ್ದವರು. ಆಪರೇಷನ್ನಿನಲ್ಲಿ ತೆಗೆದ ಗೆಡ್ಡೆ, ಕರುಳು, ಜಠರ ಎಲ್ಲ, ಕೊಳೆಯದಂತೆ ಕಾಯುವ ಫಾರ್ಮಲಿನ್ ತುಂಬಿದ ಡಬ್ಬಿಗಳಲ್ಲಿ, ಬಕೆಟ್ಟುಗಳಲ್ಲಿ ನಮ್ಮಲ್ಲಿಗೆ ಬರುತ್ತವೆ. ಅದರ ಚೂರುಗಳನ್ನು ಮೇಣದಲ್ಲಿ ಕೂರಿಸಿ, ಈರುಳ್ಳಿಯ ಒಳಪೊರೆಗಿಂತ ತೆಳ್ಳಗೆ ಕತ್ತರಿಸಿ, ಗಾಜಿನ ಮೇಲೆ ಹರಡಿ ಬಣ್ಣ ಹಾಕಿ ಕೊಡುವುದು ನನ್ನ ಕೆಲಸ. ಅದನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ಇದು ಕ್ಯಾನ್ಸರ್ ಹೌದೋ ಅಲ್ಲವೋ, ಹೌದಾದರೆ ಎಲ್ಲಿಯವರೆಗೆ ಹೋಗಿದೆ ಎಂದು ಬರೆಯುವುದು ಅವರ ಕೆಲಸ. ನಡುವೆ ಇದ್ದದ್ದು ಒಂದು ಗಾಜಿನ ಬಾಗಿಲು, ಮತ್ತು ಅದರಾಚೆಯಿಂದ ಬರುತ್ತಿದ್ದ ‘ಇನ್ನೊಂದು ಕೊಡಮ್ಮ’ ಎಂಬ ಧ್ವನಿ.

ಅವರು ಎಂದೂ ಕೂಗಾಡಿದವರಲ್ಲ. ಅದೇ ನನಗೆ ಹೆಚ್ಚು ಉರಿಸುತ್ತಿದ್ದದ್ದು. ಕೂಗಾಡುವವರ ಮೇಲೆ ಹಿಂದಿನಿಂದಾದರೂ ಗೊಣಗಬಹುದು. ಇವರು ಸ್ಲೈಡನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಎಲ್ಲಾದರೂ ಒಂದು ಮಡಿಕೆ ಬಿದ್ದಿದ್ದರೆ ಎದ್ದು ಸಿಂಕಿನ ಹತ್ತಿರ ಹೋಗಿ, ಅಂಚಿಗೆ ಟಕ್ ಎಂದು ಬಡಿದು ಎರಡು ತುಂಡು ಮಾಡಿ ಡಬ್ಬಕ್ಕೆ ಹಾಕುತ್ತಿದ್ದರು. ‘ಒಂದು ಮಡಿಕೆ ತಾನೇ ಮೇಡಂ, ಪಕ್ಕದಲ್ಲಿ ಚೆನ್ನಾಗಿದ್ಯಲ್ಲ’ ಎಂದು ನಾನು ಒಮ್ಮೆ ಬಾಯಿಬಿಟ್ಟೆ.

‘ಮಡಿಕೆ ಕೆಳಗೆ ಏನಿತ್ತು ಅಂತ ನೋಡ್ಲಿಲ್ಲಪ್ಪ, ಪಕ್ಕದಲ್ಲಿ ಚೆನ್ನಾಗಿತ್ತು ಅಂತ ಪೇಷಂಟಿಗೆ ನೀನೇ ಫೋನ್ ಮಾಡಿ ಹೇಳ್ತೀಯಾ?’ ಎಂದರು. ಸುತ್ತ ನಾಲ್ಕು ಜನ ವಿದ್ಯಾರ್ಥಿಗಳು ನಿಂತಿದ್ದರು. ನಗು ತಡೆಯಲು ಅವರು ಪಟ್ಟ ಪಾಡು ಇವತ್ತಿಗೂ ನನ್ನ ಕಣ್ಣ ಮುಂದಿದೆ.

ಯುಗಾದಿಯ ಮರುದಿನ ಒಂದು ಸಲ ಹೋಳಿಗೆ ತೆಗೆದುಕೊಂಡು ಹೋಗಿದ್ದೆ. ಎಲ್ಲರಿಗೂ ಕೊಟ್ಟೆ. ಮೇಡಂ ತಮ್ಮ ಅವಲಕ್ಕಿ ಡಬ್ಬಿಯನ್ನು ನಿಂತುಕೊಂಡೇ ಖಾಲಿ ಮಾಡುತ್ತಿದ್ದವರು, ‘ಬೇಡಮ್ಮ, ಫಾರ್ಮಲಿನ್ ಕೈ’ ಎಂದು ಪಕ್ಕಕ್ಕೆ ಸರಿಸಿದರು. ಅವರ ತಂದೆ ವೇದಪಾಠ ಹೇಳಿಕೊಡುತ್ತಿದ್ದವರು. ನಾವು ಗದ್ದೆ ಮಾಡಿಕೊಂಡಿದ್ದು ಕಾರ್ಖಾನೆಗೆ ಬಂದು ಸೇರಿದ ಮನೆಯವರು. ಇದು ಜಾತಿಯ ಮಾತು ಎಂದು ನಾನು ಅಲ್ಲೇ ತೀರ್ಮಾನಿಸಿಬಿಟ್ಟೆ. ಅವರು ಯಾರ ಡಬ್ಬಿಯಿಂದಲೂ ಏನೂ ತಿನ್ನುತ್ತಿರಲಿಲ್ಲ ಎಂಬುದು ನನಗೆ ಗೊತ್ತಿತ್ತು. ಆದರೂ ಹಾಗೆ ತಿಳಿಯುವುದು ನನಗೆ ಹಿತವಾಗಿತ್ತು.

ಸ್ಟಾಫೆಲ್ಲ ಸೇರಿ ಒಂದು ಭಾನುವಾರ ಸಕ್ರೆಬೈಲಿಗೆ ಹೋಗಿದ್ದೆವು. ಆನೆಗಳು ತುಂಗೆಯಲ್ಲಿ ಮಲಗಿ ಸ್ನಾನ ಮಾಡಿಸಿಕೊಳ್ಳುತ್ತಿದ್ದವು, ನಾವು ಫೋಟೊ ತೆಗೆಯುತ್ತಿದ್ದೆವು. ಮೇಡಂ ಒಬ್ಬರೇ ಕೈಕಟ್ಟಿ ನಿಂತವರು, ‘ಇಷ್ಟು ದೊಡ್ಡ ದೇಹ, ಆದ್ರೂ ಆನೆಗೆ ಕ್ಯಾನ್ಸರ್ ಬರೋದು ಬಹಳ ಕಮ್ಮಿ, ಗೊತ್ತಾ?’ ಎಂದರು. ಪಿಕ್ನಿಕ್ಕಿಗೆ ಬಂದವರು ಆಡುವ ಮಾತೇ ಇದು? ಆಮೇಲೆ ಪುಳಿಯೋಗರೆ ಯಾರಿಗೂ ಸರಿಯಾಗಿ ಇಳಿಯಲಿಲ್ಲ.

ಇನ್ನು ಅವರ ಎಣಿಕೆ. ಜಠರದ ಕ್ಯಾನ್ಸರಿನ ಬಗ್ಗೆ ಅವರೊಂದು ಅಧ್ಯಯನ ಹಿಡಿದಿದ್ದರು. ಮಾಮೂಲಿ ರಿಪೋರ್ಟ್ ಮುಗಿದ ಮೇಲೆ ಅದೇ ಗೆಡ್ಡೆಯ ಚೂರಿಗೆ ನಾನು ಇನ್ನೆರಡು ಬಣ್ಣ ಹಾಕಿಕೊಡಬೇಕು. ಒಂದು, ರಕ್ತನಾಳ ಬೆಳೆಸುವ ಪ್ರೋಟೀನು ಗೆಡ್ಡೆಯಲ್ಲಿ ಎಷ್ಟಿದೆ ಎಂದು ತೋರಿಸುವ ಕಂದು ಬಣ್ಣ. ಇನ್ನೊಂದು, ಅಲ್ಲಿರುವ ರಕ್ತನಾಳಗಳನ್ನೇ ಎತ್ತಿ ತೋರಿಸುವ ಬಣ್ಣ. ಬಣ್ಣ ಹಿಡಿಯಬೇಕಾದರೆ ಸ್ಲೈಡುಗಳನ್ನು ಮೊದಲು ಕುದಿಸಬೇಕು. ಅದಕ್ಕೆ ನಮ್ಮಲ್ಲಿದ್ದದ್ದು ಗಾಂಧಿ ಬಜಾರಿನಿಂದ ತಂದ ಐದು ಲೀಟರಿನ ಪ್ರೆಷರ್ ಕುಕ್ಕರು. ಅದರ ಮುಚ್ಚಳದ ಮೇಲೆ ಉಗುರು ಬಣ್ಣದಲ್ಲಿ ‘ಅಡುಗೆಗಲ್ಲ’ ಎಂದು ಮೇಡಂ ತಾವೇ ಬರೆದಿದ್ದರು. ಅಷ್ಟರಮಟ್ಟಿಗೆ ನಮ್ಮ ಬುದ್ಧಿಯ ಮೇಲೆ ಅವರಿಗೆ ನಂಬಿಕೆ.

ಬೆಳಿಗ್ಗೆ ಹತ್ತಕ್ಕೆ ಎಣಿಕೆ ಶುರು. ಮೊದಲು ಸಣ್ಣ ಲೆನ್ಸಿನಲ್ಲಿ ನಾಳಗಳು ಅತ್ಯಂತ ಒತ್ತಾಗಿರುವ ಜಾಗ ಹುಡುಕುತ್ತಿದ್ದರು. ಆಮೇಲೆ ದೊಡ್ಡ ಲೆನ್ಸು ತಿರುಗಿಸಿ, ಎಡಗೈಯಲ್ಲಿ ಒತ್ತುವ ಕೌಂಟರ್ ಹಿಡಿದು ಒಂದೊಂದಾಗಿ ಲೆಕ್ಕ ಹಾಕುತ್ತಿದ್ದರು. ಆಗ ಯಾರೂ ಮಾತಾಡಬಾರದು. ಏಪ್ರಿಲ್ಲಿನ ಸೆಕೆಯಲ್ಲೂ ಫ್ಯಾನು ಹಾಕುವಂತಿಲ್ಲ. ಒಂದು ಸಲ ಎಣಿಕೆಯ ಮಧ್ಯೆ ನನ್ನ ಫೋನು ಬಡಿದುಕೊಂಡಿತು. ಮೇಡಂ ಕೌಂಟರನ್ನು ಸೊನ್ನೆಗೆ ತಿರುಗಿಸಿ ಮತ್ತೆ ಮೊದಲಿನಿಂದ ಕೂತರು. ‘ನಮ್ಮಪ್ಪ ಒಂದು ಸ್ವರ ತಪ್ಪಿದ್ರೆ ಇಡೀ ಪಾಠ ಮೊದಲಿಂದ ಹೇಳಿಸ್ತಿದ್ರು’ ಎಂದು ಯಾರನ್ನೂ ನೋಡದೆ ಹೇಳಿದರು. ಅವರ ಅಪ್ಪ ಮಾಡಿದ್ದಕ್ಕೆ ನಾವು ಬೆವರಬೇಕಿತ್ತು.

ಇದೆಲ್ಲ ಯಾಕೆ ಎಂದು ವಿದ್ಯಾರ್ಥಿಯೊಬ್ಬ ಕೇಳಿದ. ಮೇಡಂ ಹೇಳಿದ್ದು ಬಾಗಿಲಾಚೆ ನನಗೂ ಕೇಳಿಸಿತು. ‘ನವುಲೆ ಕಡೆ ಹೊಸ ಲೇಔಟ್ ನೋಡಿದೀಯಲ್ಲ? ಮೊದಲು ಎಲ್ಲೋ ಒಂದು ಮನೆ ಏಳುತ್ತೆ. ಆ ಮನೆಯವನು ನೀರಿನ ಪೈಪು ಎಳೆಸ್ಕೊಳ್ತಾನೆ, ರಸ್ತೆ ಮಾಡಿಸ್ಕೊಳ್ತಾನೆ. ಗೆಡ್ಡೆನೂ ಹಾಗೇನೇ. ಸಾಸಿವೆ ಕಾಳಿಗಿಂತ ದೊಡ್ಡದಾಗ್ಬೇಕಾದ್ರೆ ಅದಕ್ಕೆ ರಕ್ತ ಬೇಕು. ಈ ಪ್ರೋಟೀನನ್ನ ಹೊರಗೆ ಬಿಟ್ಟು ಪಕ್ಕದ ನಾಳಗಳಿಂದ ಹೊಸ ಕವಲು ಒಡೆಯೋ ಹಾಗೆ ಮಾಡುತ್ತೆ. ಅವಸರದ ಕೆಲಸ, ನಾಳಗಳೆಲ್ಲ ಸೋರ್ತಿರ್ತವೆ. ಊಟ ಬರೋ ದಾರಿ ಅದೇ, ಜೀವಕೋಶಗಳು ಕಳಚ್ಕೊಂಡು ಲಿವರಿಗೆ ಹೋಗೋ ದಾರಿನೂ ಅದೇ.’

‘ಹಾಗಾದ್ರೆ ಕಂದು ಜಾಸ್ತಿ ಇದ್ರೆ ಹರಡಿದೆ ಅಂತಾನಾ ಮೇಡಂ?’

‘ಇದು ಜ್ಯೋತಿಷ್ಯ ಅಲ್ಲ ಮಾರಾಯ. ಹರಡಿರೋ ಸಾಧ್ಯತೆ ಜಾಸ್ತಿ, ಅಷ್ಟೆ. ಬಣ್ಣ ಒಂದು ಹೇಳಿ ನೋಡ್ ಇನ್ನೊಂದು ಹೇಳಿದ್ರೆ ಮತ್ತೆ ಬಕೆಟ್ ತೆಗೀಬೇಕು.’

ಈ ಕೊನೆಯ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಜಠರದ ಸುತ್ತ ಇರುವ ಕೊಬ್ಬಿನಲ್ಲಿ ಸಣ್ಣ ಸಣ್ಣ ದುಗ್ಧಗ್ರಂಥಿಗಳು ಹುದುಗಿರುತ್ತವೆ. ಲ್ಯಾಬಿನಲ್ಲಿ ನಾವು ಅದಕ್ಕೆ ನೋಡ್ ಎನ್ನುತ್ತೇವೆ. ಕ್ಯಾನ್ಸರು ಹೊರಟಿದ್ದರೆ ಸಾಮಾನ್ಯವಾಗಿ ಮೊದಲು ತಂಗುವುದು ಅಲ್ಲಿ. ಅವುಗಳನ್ನು ಕೊಬ್ಬಿನಿಂದ ಬೆರಳಿನಲ್ಲೇ ತಡವಿ ತೆಗೆಯಬೇಕು. ಕೆಲವು ಹೆಸರುಕಾಳಿನಷ್ಟು, ಕೆಲವು ಸಾಸಿವೆಯಷ್ಟು. ಕಡೆಯ ಪಕ್ಷ ಹದಿನಾರು ಸಿಕ್ಕರೆ ಹರಡಿಲ್ಲ ಎಂಬ ಮಾತಿಗೆ ತೂಕ. ರಿಪೋರ್ಟ್ ಹೋದ ಮೇಲೂ ಉಳಿದ ಕೊಬ್ಬು ಕೆಲವು ವಾರ ಬಕೆಟ್ಟಿನಲ್ಲೇ ಇರುತ್ತದೆ, ಅನುಮಾನ ಬಂದರೆ ಮತ್ತೆ ಹುಡುಕಬಹುದು. ನಿಯಮದ ಪ್ರಕಾರ ಹುಡುಕಬೇಕಾದವರು ಡಾಕ್ಟರು. ಆದರೆ ಅದರಲ್ಲಿ ನನ್ನ ಕೈಯನ್ನು ಮೀರಿಸುವವರು ಇರಲಿಲ್ಲವಾದ್ದರಿಂದ ನನಗೇ ಬಿಡುತ್ತಿದ್ದರು. ಮೇಡಂ ಒಂದೇ ಒಂದು ಷರತ್ತು ಹಾಕಿದ್ದರು. ನೆಂಟರ ಡಬ್ಬಿಯನ್ನು ಸ್ಟಾಫು ಮುಟ್ಟಬಾರದು, ಬಂದರೆ ಹೇಳಬೇಕು.

ನನ್ನ ಅಣ್ಣನ ಜಠರ ಬಂದಾಗ ನಾನು ಹೇಳಲಿಲ್ಲ.

ಅಣ್ಣ ಭದ್ರಾವತಿ ನ್ಯೂಟೌನಿನಲ್ಲಿ ಲೇತ್ ಮಷೀನಿನ ಅಂಗಡಿ ಇಟ್ಟುಕೊಂಡಿದ್ದ. ವಯಸ್ಸು ನಲವತ್ತೇಳು. ಆರು ತಿಂಗಳು ಹೊಟ್ಟೆ ಉರಿ ಎಂದು ಮೆಡಿಕಲ್ ಸ್ಟೋರಿನಿಂದ ಗ್ಯಾಸಿನ ಮಾತ್ರೆ ತಂದು ನುಂಗಿದ. ‘ಖಾರ ಕಮ್ಮಿ ಮಾಡು ಅಂದ್ರೆ ನಿಮ್ಮಣ್ಣ ಕೇಳ್ತಾರಾ?’ ಎಂದು ಅತ್ತಿಗೆ ದೂರುತ್ತಿದ್ದಳು. ಎಂಡೋಸ್ಕೋಪಿ ಮಾಡಿಸಿದಾಗ ಗೆಡ್ಡೆ ಕಂಡಿತು. ಶಿವಮೊಗ್ಗದಲ್ಲೇ ಆಪರೇಷನ್ ಆಯಿತು. ನನ್ನ ಅಣ್ಣ ಎಂದು ಹೇಳಿದರೆ ಬಕೆಟ್ಟು ಬೇರೆಯವರ ಕೈಗೆ ಹೋಗುತ್ತದೆ. ಬೇರೆಯವರ ಕೈ ನನ್ನ ಕೈ ಅಲ್ಲ. ಅದಕ್ಕೇ ಬಾಯಿ ಮುಚ್ಚಿಕೊಂಡು, ಲೇಬಲ್ಲಿನ ಮೇಲೆ ಅವನ ಹೆಸರನ್ನು ನಾನೇ ಬರೆದು ಕೊಬ್ಬು ತಡವಲು ನಿಂತೆ. ತಡವಿದ ಜಾಗವನ್ನೇ ಮತ್ತೆ ಮತ್ತೆ ತಡವಿದೆ. ಒಂಬತ್ತು ನೋಡ್ ಸಿಕ್ಕವು. ಹತ್ತನೆಯದನ್ನು ಹುಡುಕುವ ಧೈರ್ಯ ಆಗಲಿಲ್ಲ. ಸಾಕು, ಇದ್ದದ್ದೇ ಇಷ್ಟು ಅಂದುಕೊಂಡೆ.

ಒಂಬತ್ತರಲ್ಲೂ ಕ್ಯಾನ್ಸರ್ ಇರಲಿಲ್ಲ. ಗೆಡ್ಡೆ ಜಠರದ ಮಾಂಸಪದರವನ್ನೂ ದಾಟಿರಲಿಲ್ಲ. ‘ನೋಡ್ ಕಡಿಮೆ ಸಿಕ್ಕಿವೆ’ ಎಂಬ ಸಾಲು ಸೇರಿಸಿ ಮೇಡಂ ಸಹಿ ಹಾಕಿದರು. ಕೀಮೋ ಬೇಡ, ಮೂರು ತಿಂಗಳಿಗೊಮ್ಮೆ ಬಂದು ತೋರಿಸಿದರೆ ಸಾಕು ಎಂದು ಸರ್ಜನ್ ಹೇಳಿದರು. ನಾನು ಅತ್ತಿಗೆಗೆ ಫೋನ್ ಮಾಡಿ, ‘ಎಲ್ಲೂ ಹೋಗಿಲ್ಲ ಅತ್ತಿಗೆ, ಪೂರ್ತಿ ತೆಗೆದಾಯ್ತು’ ಎಂದೆ. ಆ ಕಡೆಯಿಂದ ಅಳು ಕೇಳಿಸಿತು. ಸಂಜೆ ಹೋದಾಗ ಅವಳು ಶಾವಿಗೆ ಪಾಯಸ ಮಾಡಿದ್ದಳು. ಅಣ್ಣ ಎರಡು ಚಮಚ ಕುಡಿದು, ‘ನಿನ್ನ ಬೆರಳು ಬದುಕ್ಸಿತು ನೋಡು ಮಾರಾಯ್ತಿ’ ಎಂದ.

ಹತ್ತು ದಿನದ ಮೇಲೆ ಅಧ್ಯಯನದ ಬಣ್ಣಗಳು ತಯಾರಾದವು. ಸ್ಲೈಡಿನ ಮೇಲೆ ಹೆಸರು ಇರುವುದಿಲ್ಲ, ನಂಬರು ಮಾತ್ರ. ನನಗೆ ಆ ನಂಬರು ಗೊತ್ತಿತ್ತು. ಅವತ್ತು ಬೆಳಿಗ್ಗೆ ಮೇಡಂ ನನ್ನ ಮೂರು ಸ್ಲೈಡುಗಳನ್ನು ಮುರಿದಿದ್ದರು. ‘ಈಚೆಗೆ ನಿನ್ನ ಮನಸ್ಸೆಲ್ಲಿದೆ? ಇಂಥಾ ಕೆಲಸಕ್ಕೆ ನೀನು ಯಾಕೆ ಬೇಕು?’ ಎಂದು ಎಲ್ಲರ ಮುಂದೆ ಕೇಳಿದ್ದರು. ನನ್ನ ಮೈಯೆಲ್ಲ ಉರಿಯುತ್ತಿತ್ತು. ಹನ್ನೊಂದು ಗಂಟೆಗೆ ಕರೆದರು.

‘ಈ ಕೇಸ್ ನೋಡು. ಕಂದು ಎಷ್ಟು ಗಾಢ ಹಿಡಿದಿದೆ. ನಾಳ ಎರಡು ಸಲ ಎಣಿಸ್ದೆ, ನಮ್ಮ ಇಡೀ ಸ್ಟಡೀಲಿ ಇಷ್ಟು ಯಾವುದರಲ್ಲೂ ಇಲ್ಲ. ನೋಡ್ ಎಲ್ಲಾ ನೆಗೆಟಿವ್ ಅಂತ ಬರೆದಿದೀವಿ. ಅದೂ ಒಂಬತ್ತೇ. ನಂಗ್ಯಾಕೋ ಹೊಂದ್ತಾ ಇಲ್ಲ. ಬಕೆಟ್ ಇದೆ ತಾನೇ? ಕೊಬ್ಬೆಲ್ಲಾ ಮತ್ತೆ ತಡವು. ಸಾಸಿವೆಯಷ್ಟಿದ್ರೂ ಬಿಡಬೇಡ.’

ನಾನು ಬಕೆಟ್ಟುಗಳಿರುವ ಕೋಣೆಗೆ ಹೋದೆ. ಅಣ್ಣನ ಬಕೆಟ್ಟನ್ನು ಕೆಳಗಿಳಿಸಿ ಅದರ ಮುಂದೆ ಸ್ಟೂಲು ಹಾಕಿಕೊಂಡು ಕೂತೆ. ಇವರಿಗೆ ನಾನು ಮಾಡಿದ್ದು ಯಾವುದೂ ಸರಿಯಿಲ್ಲ, ಈಗ ನನ್ನ ಬೆರಳಿನ ಮೇಲೂ ಅನುಮಾನ ಎಂದು ಸಿಟ್ಟು ಕುದಿಯಿತು. ಸಿಟ್ಟಿನ ಕೆಳಗೆ ಹೆದರಿಕೆ ಇತ್ತು. ಇನ್ನೊಂದು ಸಿಕ್ಕಿ, ಅದರಲ್ಲಿ ಏನಾದರೂ ಇದ್ದರೆ? ಅಣ್ಣ ಆಗಲೇ ಅಂಗಡಿಯ ಬಾಗಿಲು ತೆಗೆಯುವ ದಿನ ನೋಡಿಸುತ್ತಿದ್ದ. ಅರ್ಧ ಗಂಟೆ ಹಾಗೇ ಕೂತಿದ್ದೆ. ಆಮೇಲೆ ಬಕೆಟ್ಟನ್ನು ಎತ್ತಿ ಮೇಲಿಟ್ಟು, ಕೈ ತೊಳೆದುಕೊಂಡು ಹೋಗಿ, ‘ಪೂರ್ತಿ ಹುಡುಕಿದೆ ಮೇಡಂ, ಬರೀ ಕೊಬ್ಬು’ ಎಂದೆ. ಮುಚ್ಚಳವನ್ನೇ ತೆಗೆದಿರಲಿಲ್ಲ.

ಜಗತ್ತಿನಲ್ಲಿ ಯಾರ ಮಾತನ್ನೂ ನಂಬದ ಹೆಂಗಸು. ತಾನು ಎಣಿಸಿದ್ದನ್ನೇ ನಂಬದೆ ಎರಡೆರಡು ಸಲ ಎಣಿಸುವವರು. ಅವತ್ತು ಕನ್ನಡಕ ತೆಗೆದು ನನ್ನ ಮುಖ ನೋಡಿ, ‘ಸರಿ. ನಿನ್ನ ಬೆರಳು ಇಲ್ಲ ಅಂದ್ರೆ ಇಲ್ಲ’ ಎಂದರು. ಹದಿನಾಲ್ಕು ವರ್ಷದಲ್ಲಿ ನನಗೆ ಸಿಕ್ಕ ಒಂದೇ ಒಂದು ಹೊಗಳಿಕೆ ಅದು. ಯಾವ ದಿನ ನಂಬಬಾರದಿತ್ತೋ ಆ ದಿನವೇ ನಂಬಿದರು. ಇದನ್ನು ನಾನು ಅವರಿಗೆ ಎಂದೂ ಕ್ಷಮಿಸಿಲ್ಲ.

ಎಂಟು ತಿಂಗಳಿಗೆ ಅಣ್ಣನ ಲಿವರಿನಲ್ಲಿ ಕಾಣಿಸಿಕೊಂಡಿತು. ಅಷ್ಟರಲ್ಲಿ ಹಳೆಯ ಬಕೆಟ್ಟುಗಳು ತ್ಯಾಜ್ಯದ ಗಾಡಿಗೆ ಹೋಗಿ ಬಹಳ ಕಾಲವಾಗಿತ್ತು. ಆ ಕೊಬ್ಬಿನಲ್ಲಿ ನೋಡ್ ಇತ್ತೋ ಇಲ್ಲವೋ, ಇದ್ದಿದ್ದರೆ ಆಗಲೇ ಕೊಟ್ಟ ಕೀಮೋದಿಂದ ಅಣ್ಣ ಉಳಿಯುತ್ತಿದ್ದನೋ ಇಲ್ಲವೋ, ಯಾರೂ ಹೇಳಲಾರರು. ಬೇರೆ ಊರಿನ ಡಾಕ್ಟರಿಗೆ ತೋರಿಸಲು ಹಳೆಯ ಸ್ಲೈಡು ಕೇಳಿಕೊಂಡು ಅತ್ತಿಗೆ ಲ್ಯಾಬಿಗೆ ಬಂದಳು. ನಾನು ಅವತ್ತು ರಜೆ. ‘ನಮ್ಮ ನಾದಿನಿ ಇಲ್ಲೇ ಕೆಲಸ ಮಾಡೋದು’ ಎಂದು ಅವಳೇ ಮೇಡಂ ಹತ್ತಿರ ಹೇಳಿದ್ದಾಳೆ.

ಮರುದಿನ ಮೇಡಂ ಕರೆದರು. ಬಯ್ಯಲಿ, ನೆಂಟರ ಡಬ್ಬಿ ಮುಟ್ಟಿದ್ದಕ್ಕೆ ಮೆಮೊ ಕೊಡಲಿ, ಆಗ ಎಲ್ಲ ಹೇಳಿಬಿಡುತ್ತೇನೆ ಎಂದುಕೊಂಡು ಒಳಗೆ ಹೋದೆ.

‘ಸ್ವಂತ ಅಣ್ಣನಾ?’

‘ಹೌದು ಮೇಡಂ.’

‘ಅವತ್ತು ಮತ್ತೆ ಹುಡುಕಿದ್ದೆ ಅಲ್ವಾ?’

‘ಹುಡುಕಿದ್ದೆ’ ಎಂದೆ.

ಮೇಡಂ ಕೈಯಲ್ಲಿದ್ದ ಕೌಂಟರನ್ನು ಮೇಜಿನ ಮೇಲಿಟ್ಟರು. ‘ಸ್ವಂತ ಅಣ್ಣಂದು ಅಂದ್ಮೇಲೆ ನಡುಗೋ ಕೈಯಲ್ಲಿ ಹುಡುಕಿರ್ತೀಯ. ಹೇಗೆ ಸಿಗುತ್ತೆ? ಎದ್ದು ಬಂದು ನಾನೇ ನೋಡ್ಬೇಕಿತ್ತು. ತಪ್ಪು ನಂದು’ ಎಂದರು. ಸರ್ಜನ್ನರೆಲ್ಲ ಸೇರುವ ತಿಂಗಳ ಮೀಟಿಂಗಿನಲ್ಲೂ ಎದ್ದು ನಿಂತು ಅದನ್ನೇ ಹೇಳಿದರು. ಬಣ್ಣ ಎಚ್ಚರಿಸಿತ್ತು, ನಾನು ಕುರ್ಚಿ ಬಿಟ್ಟು ಏಳಲಿಲ್ಲ ಎಂದರು. ನಾನು ಹಿಂದಿನ ಸಾಲಿನಲ್ಲಿ ಪ್ರೊಜೆಕ್ಟರಿನ ವೈರು ಹಿಡಿದುಕೊಂಡು ಕೂತಿದ್ದೆ. ಅಂದಿನಿಂದ ಅವರು ನನ್ನ ಸ್ಲೈಡು ಮುರಿಯುವುದನ್ನು ಬಿಟ್ಟರು. ‘ಇನ್ನೊಂದು ಮಾಡಿಕೊಡ್ತೀರಾ’ ಎಂದು ಕೇಳತೊಡಗಿದರು. ಅದಕ್ಕಿಂತ ಎರಡು ಏಟು ಹಾಕಿದ್ದರೆ ತಡೆದುಕೊಳ್ಳುತ್ತಿದ್ದೆ.

ಅಣ್ಣ ಆ ದೀಪಾವಳಿಯನ್ನು ನೋಡಲಿಲ್ಲ. ಅವನು ಹೋಗಿ ತಿಂಗಳಾದ ಮೇಲೆ ಮೇಡಂ ಯಾರಿಗೂ ಹೇಳದೆ ಭದ್ರಾವತಿಗೆ ಬಂದರು. ನಾನು ಅತ್ತಿಗೆಯ ಮನೆಯಲ್ಲೇ ಇದ್ದೆ. ಬಾಗಿಲಲ್ಲಿ ನಿಂತು, ‘ನಿಮ್ಮ ಯಜಮಾನರ ರಿಪೋರ್ಟ್ ಬರೆದವಳು ನಾನು. ಇನ್ನೊಂದು ಸಲ ನೋಡ್ಬೇಕಾಗಿತ್ತು, ನೋಡ್ಲಿಲ್ಲ. ಹೇಳಿ ಹೋಗೋಣ ಅಂತ ಬಂದೆ’ ಎಂದರು.

ಅತ್ತಿಗೆ ಅವರನ್ನು ಒಳಗೆ ಕರೆಯಲಿಲ್ಲ. ‘ಹೇಳಿ ಹೋಗೋಕೆ ಬಂದ್ರಾ? ನನ್ನ ಗಂಡನ್ನ ಕೊಂದು, ಈಗ ಬಂದು ಸುದ್ದಿ ಹೇಳ್ತೀರಾ? ನಿಮ್ಮ ಓದಿಗೆ ಬೆಂಕಿ ಹಾಕ!’ ಎಂದು ಶುರು ಮಾಡಿದವಳು ಬೀದಿಯವರೆಲ್ಲ ಹೊರಗೆ ಬರುವ ತನಕ ನಿಲ್ಲಿಸಲಿಲ್ಲ. ಮೇಡಂ ತಲೆ ಎತ್ತಿಕೊಂಡೇ ಎಲ್ಲವನ್ನೂ ಕೇಳಿಸಿಕೊಂಡರು. ಒಂದು ಸಲ ನನ್ನ ಕಡೆ ನೋಡಿದರು. ಆ ನೋಟದಲ್ಲಿ ನನ್ನ ಬಗ್ಗೆ ಮರುಕ ಇತ್ತು. ನಾನು ಅತ್ತಿಗೆಯ ಹಿಂದೆ ನಿಂತು ಅವಳ ಭುಜ ಹಿಡಿದುಕೊಂಡಿದ್ದೆ, ಸಮಾಧಾನ ಮಾಡುವವಳ ಹಾಗೆ. ಮೇಡಂ ಕೈಮುಗಿದು ಬಿಸಿಲಿನಲ್ಲಿ ಬಸ್ ಸ್ಟಾಪಿನ ಕಡೆ ನಡೆದರು.

ಆಮೇಲೆ ನಾಲ್ಕು ವರ್ಷ ಅತ್ತಿಗೆ ಮನೆಗೆ ಬಂದವರಿಗೆಲ್ಲ ಆ ಡಾಕ್ಟರಮ್ಮನ ಕಥೆ ಹೇಳಿದಳು. ಪ್ರತಿಸಲವೂ ‘ಅಲ್ವೇನೇ?’ ಎಂದು ನನ್ನ ಕಡೆ ತಿರುಗುತ್ತಿದ್ದಳು. ನಾನು ‘ಹೂಂ ಅತ್ತಿಗೆ’ ಎನ್ನುತ್ತಿದ್ದೆ. ಮೇಡಂ ಕೆಟ್ಟವರಾಗಿ ಉಳಿದಷ್ಟು ದಿನ ನನಗೆ ಆ ಮನೆಯಲ್ಲಿ ಊಟ ಸೇರುತ್ತಿತ್ತು. ಅವರ ದರ್ಪ, ಅವರ ಕೌಂಟರು, ಹೋಳಿಗೆ ಸರಿಸಿದ್ದು, ಎಲ್ಲವನ್ನೂ ನಾನು ಒಂದೊಂದಾಗಿ ಎತ್ತಿ ಆಡಿಕೊಂಡೆ. ಇಲ್ಲಿಯವರೆಗೆ ನೀವು ಓದಿದ್ದೂ ಹೆಚ್ಚುಕಡಿಮೆ ಅದನ್ನೇ.

ಸುದ್ದಿ ಬಂದ ದಿನ ಸಂಜೆ ಲ್ಯಾಬಿನಿಂದ ನೇರ ಅತ್ತಿಗೆಯ ಮನೆಗೆ ಹೋದೆ. ಅವಳು ಮಂಚದ ಮೇಲೆ ಬಟ್ಟೆ ಮಡಿಸುತ್ತಿದ್ದಳು. ‘ಆ ಡಾಕ್ಟರು ತೀರಿಕೊಂಡ್ರು’ ಎಂದೆ.

‘ಹೋದ್ಲಾ? ನನ್ನ ಹೊಟ್ಟೆ ಉರಿ ಸುಮ್ನೆ ಬಿಡುತ್ತಾ’ ಎಂದಳು. ಎಂದಿನಂತೆ ‘ಅಲ್ವೇನೇ?’ ಎಂದು ನನ್ನ ಮುಖ ನೋಡಿದಳು.

‘ಅಲ್ಲ ಅತ್ತಿಗೆ’ ಎಂದೆ. ನಿಂತುಕೊಂಡೇ ಎಲ್ಲ ಹೇಳಿದೆ. ಒಂಬತ್ತಕ್ಕೆ ನಿಲ್ಲಿಸಿದ್ದು, ಮತ್ತೆ ಹುಡುಕು ಎಂದು ಅವರು ಹೇಳಿದ್ದು, ಅರ್ಧ ಗಂಟೆ ಬಕೆಟ್ಟಿನ ಮುಂದೆ ಕೂತು ಎದ್ದುಬಂದದ್ದು, ಎರಡೆರಡು ಸಲ ಸುಳ್ಳು ಹೇಳಿದ್ದು. ಅತ್ತಿಗೆ ನನ್ನನ್ನು ಹೊಡೆಯುತ್ತಾಳೆ ಎಂದುಕೊಂಡಿದ್ದೆ. ಹೊಡೆಯಲಿ ಎಂದು ಹತ್ತಿರವೇ ನಿಂತಿದ್ದೆ. ಅವಳು ನನ್ನ ಕಡೆ ನೋಡಲೇ ಇಲ್ಲ. ಕೈಯಲ್ಲಿದ್ದ ಟವೆಲ್ಲು ಮಡಿಲಿಗೆ ಜಾರಿತು. ತೆರೆದಿದ್ದ ಬಾಗಿಲಿನ ಕಡೆ ಕಣ್ಣು ಹೋಯಿತು.

‘ಅಷ್ಟು ದೂರದಿಂದ ಬಿಸಿಲಲ್ಲಿ ಬಂದಿದ್ರು ಕಣೇ’ ಎಂದಳು. ‘ಒಂದು ಲೋಟ ನೀರೂ ಕೊಡದೆ ಕಳಿಸಿಬಿಟ್ನಲ್ಲೇ ನಾನು.’